ಹತ್ತು ಲಕ್ಷ ವೋಲ್ಟಿನ ಕಿರಣ: ಗೆದ್ದದ್ದೆಷ್ಟು, ಉಳಿದದ್ದೆಷ್ಟು?

ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆ ನೀಡುವುದನ್ನು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಆ ಮಾತು ಕೇಳಿಯೇ ಹೆದರುವವರೂ ಉಂಟು. ವಾಸ್ತವವಾಗಿ ರೋಗಿಯ ಮೈಗೆ ವಿದ್ಯುತ್ ತಾಗುವುದೇ ಇಲ್ಲ. ವಿದ್ಯುತ್ತಿನ ಕೆಲಸ ಯಂತ್ರದೊಳಗೇ ಮುಗಿಯುತ್ತದೆ. ಅಲ್ಲಿ ಎಲೆಕ್ಟ್ರಾನುಗಳನ್ನು ವೇಗವಾಗಿ ಓಡಿಸಿ ಲೋಹಕ್ಕೆ ಬಡಿಸಿದಾಗ ಕ್ಷ-ಕಿರಣ ಹುಟ್ಟುತ್ತದೆ. ವೋಲ್ಟ್ ಹೆಚ್ಚಿದಷ್ಟೂ ಕಿರಣ ಆಳಕ್ಕೆ ಇಳಿಯುತ್ತದೆ. ಈ ಒಂದು ಸೂತ್ರದ ಬೆನ್ನು ಹತ್ತಿ ವೈದ್ಯರೂ ಭೌತವಿಜ್ಞಾನಿಗಳೂ ಅರ್ಧ ಶತಮಾನ ದುಡಿದರು.

ಜರ್ಮನಿಯ ವಿಲ್‌ಹೆಲ್ಮ್ ರಾಂಟ್ಜನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಕೆಲವೇ ವರ್ಷಗಳಲ್ಲಿ ಚರ್ಮದ ಕ್ಯಾನ್ಸರಿಗೆ ಅದು ಮದ್ದಾಯಿತು. ಆದರೆ ಹೊಟ್ಟೆ, ಎದೆಯೊಳಗಿನ ಗಡ್ಡೆಗೆ ಅದು ಎಟುಕಲಿಲ್ಲ. 1913ರಲ್ಲಿ ಅಮೆರಿಕದ ವಿಲಿಯಂ ಕೂಲಿಡ್ಜ್ ಉತ್ತಮ ಕೊಳವೆ ರೂಪಿಸಿದ ಮೇಲೆ, 1920ರ ದಶಕದಲ್ಲಿ 2 ಲಕ್ಷ ವೋಲ್ಟಿನ ‘ಆಳ ಚಿಕಿತ್ಸೆ’ ಬಳಕೆಗೆ ಬಂತು. ಹೆಸರು ಆಳವೆಂದಿದ್ದರೂ ಕಿರಣದ ಹೆಚ್ಚಿನ ಪೆಟ್ಟು ಬೀಳುತ್ತಿದ್ದದ್ದು ಚರ್ಮಕ್ಕೇ. 10 ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಉಳಿಯುತ್ತಿತ್ತು. ಗಡ್ಡೆ ಕರಗುವ ಮೊದಲೇ ಚರ್ಮ ಸುಟ್ಟು ಹುಣ್ಣಾಗುತ್ತಿತ್ತು.

ಪ್ಯಾರಿಸ್ಸಿನ ಕ್ಲೋಡಿಯಸ್ ರೆಗೋ ಮತ್ತು ಆನ್ರಿ ಕುತಾರ್ ಇದಕ್ಕೊಂದು ದಾರಿ ತೋರಿದರು. ಒಂದೇ ಬಾರಿ ದೊಡ್ಡ ಪ್ರಮಾಣ ಕೊಡುವ ಬದಲು, ದಿನಕ್ಕಿಷ್ಟೆಂದು ಹಲವು ವಾರ ಹಂಚಿ ಕೊಡುವ ಕ್ರಮ ಅದು. ಮಧ್ಯದ ಬಿಡುವಿನಲ್ಲಿ ಆರೋಗ್ಯವಂತ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ. ಗಂಟಲಿನ ಕ್ಯಾನ್ಸರಿನಲ್ಲಿ ಕುತಾರ್ ಪಡೆದ ಫಲ ಇಂದಿನ ಚಿಕಿತ್ಸಾ ಕ್ರಮಕ್ಕೂ ತಳಹದಿ.

ಇನ್ನೊಂದು ದಾರಿ ವೋಲ್ಟ್ ಏರಿಸುವುದು. 1930ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಪಸಡೆನಾದಲ್ಲಿ ಚಾರ್ಲ್ಸ್ ಲಾರಿಟ್ಸನ್ ರಚಿಸಿದ ಭಾರಿ ಕೊಳವೆಗಳಿಂದ ರೋಗಿಗಳಿಗೆ ಚಿಕಿತ್ಸೆ ನಡೆಯಿತು. ಅಲ್ಲಿನ ಪ್ರಯೋಗಾಲಯಕ್ಕೆ ಹಣ ಕೊಟ್ಟವರು ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಕೆಲ್ಲಾಗ್. 1937ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯಲ್ಲಿ 10 ಲಕ್ಷ ವೋಲ್ಟಿನ ಯಂತ್ರ ಸ್ಥಾಪನೆಯಾಯಿತು. ಅದರ ಕೊಳವೆಯ ಉದ್ದವೇ ಸುಮಾರು 30 ಅಡಿ!

ಇಷ್ಟು ಶಕ್ತಿಯ ಕಿರಣಕ್ಕೆ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಿಶೇಷ ಗುಣವಿದೆಯೆ? ಉತ್ತರ: ಇಲ್ಲ. ಅಂಗಾಂಶ ಹೀರಿಕೊಂಡ ಪ್ರಮಾಣ ಒಂದೇ ಆಗಿದ್ದರೆ ಅದರ ಜೈವಿಕ ಪರಿಣಾಮ ಹಳೆಯ ಕಿರಣಕ್ಕಿಂತ ತುಸು ಕಡಿಮೆಯೇ. ಲಾಭವಿರುವುದು ಅದು ಬೀಳುವ ಜಾಗದಲ್ಲಿ. ಅಧಿಕ ವೋಲ್ಟಿನ ಕಿರಣದ ಗರಿಷ್ಠ ಪೆಟ್ಟು ಚರ್ಮದ ಕೆಳಗೆ ಬೀಳುತ್ತದೆ. 60 ಲಕ್ಷ ವೋಲ್ಟಿನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೆ. 10 ಸೆಂಟಿಮೀಟರ್ ಆಳದಲ್ಲೂ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಹಳೆಯ ಕಿರಣವನ್ನು ಮೂಳೆ ಅತಿಯಾಗಿ ಹೀರಿಕೊಂಡು ಜಖಂಗೊಳ್ಳುತ್ತಿತ್ತು. ಆ ತೊಂದರೆಯೂ ತಗ್ಗಿತು.

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರಗಳು ಬಂದವು. ಅವು ಕ್ಷ-ಕಿರಣದ ಬದಲು ಅಷ್ಟೇ ಆಳಕ್ಕಿಳಿಯುವ ಗಾಮಾ ಕಿರಣ ಸೂಸುತ್ತಿದ್ದವು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 80 ಲಕ್ಷ ವೋಲ್ಟಿನ ಲೀನಿಯರ್ ಆಕ್ಸಿಲರೇಟರ್ ಚಿಕಿತ್ಸೆ ಆರಂಭಿಸಿತು. 1956ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೆನ್ರಿ ಕಪ್ಲಾನ್ ಅದೇ ಬಗೆಯ ಯಂತ್ರದಿಂದ ಎರಡು ವರ್ಷದ ಬಾಲಕನ ಕಣ್ಣಿನ ಗಡ್ಡೆಗೆ ಚಿಕಿತ್ಸೆ ನೀಡಿದರು. ದೃಷ್ಟಿ ಉಳಿಯಿತು. ಬಹುಪಾಲು ರೋಗಿಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಹಾಡ್ಜ್‌ಕಿನ್ ಕಾಯಿಲೆ ಗುಣವಾಗುವ ರೋಗವಾದದ್ದರಲ್ಲಿ ಈ ಯಂತ್ರಗಳ ಪಾಲು ದೊಡ್ಡದು. ಗರ್ಭಕೋಶದ ಕೊರಳು, ಧ್ವನಿಪೆಟ್ಟಿಗೆಯ ಕ್ಯಾನ್ಸರುಗಳಲ್ಲೂ ಲಾಭ ಕಂಡಿತು. ಗುಣವಾಗದ ರೋಗಿಗೂ ಮೂಳೆಯ ನೋವು, ರಕ್ತಸ್ರಾವ ತಗ್ಗಿಸಲು ಇದು ನೆರವಾಗುತ್ತದೆ.

ಆದರೆ ಮಿತಿಗಳೂ ಬೆನ್ನಿಗೇ ಬಂದವು. ಮೊದಲು ಚರ್ಮ ಕೆಂಪಾಗಿ ‘ಸಾಕು’ ಎಂದು ವೈದ್ಯರನ್ನು ಎಚ್ಚರಿಸುತ್ತಿತ್ತು. ಈಗ ಚರ್ಮ ಸುಮ್ಮನಿರುತ್ತದೆ. ಒಳಗಿನ ಅಂಗಾಂಶ ಗಡುಸಾಗಿ ತೊಂದರೆ ಕೊಡುವುದು ತಿಂಗಳುಗಳ, ವರ್ಷಗಳ ನಂತರ. ಹಾಡ್ಜ್‌ಕಿನ್‌ನಿಂದ ಬದುಕುಳಿದವರಲ್ಲಿ ಕೆಲವರಿಗೆ ದಶಕಗಳ ಮೇಲೆ ಹೃದ್ರೋಗ, ಮತ್ತೊಂದು ಕ್ಯಾನ್ಸರ್ ಕಾಣಿಸಿದ್ದು ಇದಕ್ಕೆ ನಿದರ್ಶನ. ಆಮ್ಲಜನಕ ಕಡಿಮೆಯಿರುವ ಕೋಶಗಳು ವಿಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ ಎಂಬುದನ್ನು ಬ್ರಿಟನ್ನಿನ ಲೂಯಿ ಹೆರಾಲ್ಡ್ ಗ್ರೇ ಮತ್ತು ಸಂಗಡಿಗರು 1953ರಲ್ಲಿ ವಿವರಿಸಿದರು. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ, ಕಿರಣ ಕೆಲಸ ಮಾಡುವುದು ಅದನ್ನು ಗುರಿಯಿಟ್ಟ ಜಾಗದಲ್ಲಿ ಮಾತ್ರ. ರಕ್ತದೊಡನೆ ಬೇರೆಡೆಗೆ ಹರಿದುಹೋದ ಕೋಶವನ್ನು ಎಷ್ಟು ವೋಲ್ಟ್ ಇದ್ದರೂ ಅದು ಹುಡುಕಿಕೊಂಡು ಹೋಗದು.

ಹಾಗಾಗಿಯೇ ವೋಲ್ಟಿನ ಓಟ ನಿಂತಿತು. ಇಂದಿಗೂ ಬಹುತೇಕ ಚಿಕಿತ್ಸೆಗೆ 60 ಲಕ್ಷದಿಂದ 1 ಕೋಟಿ ವೋಲ್ಟ್ ಸಾಕಾಗುತ್ತದೆ. ಪೈಪೋಟಿ ಈಗ ಗುರಿಯ ನಿಖರತೆಗೆ: ಸ್ಕ್ಯಾನಿಂಗ್ ಚಿತ್ರ, ಕಂಪ್ಯೂಟರ್ ಲೆಕ್ಕ, ಗಡ್ಡೆಯ ಆಕಾರಕ್ಕೇ ಕಿರಣವನ್ನು ಕತ್ತರಿಸುವ ಸೀಸದಂಥ ಭಾರಲೋಹದ ಎಲೆಗಳು. ಇವೆಲ್ಲ ಇದ್ದರೂ, ರೋಗ ಹರಡುವ ಮೊದಲೇ ರೋಗಿ ಆಸ್ಪತ್ರೆಗೆ ಬಂದರೆ ಮಾತ್ರ ಕಿರಣಕ್ಕೆ ಅದರ ಪೂರ್ಣ ಬೆಲೆ ಸಿಗುತ್ತದೆ.