ಮಕ್ಕಳಿಗೆ ಬೂಸ್ಟರ್ ಆಸನದ ಬಳಕೆಯನ್ನು ಯಾವಾಗ ನಿಲ್ಲಿಸಬಹುದು: ಪೋಷಕರ ಮಾಹಿತಿಗಾಗಿ

1. ಪೀಠಿಕೆ

ಕಾರಿನಲ್ಲಿ ಮಕ್ಕಳನ್ನು ಕರೆದೊಯ್ಯುವ ಪೋಷಕರು ಹಾಗೂ ಚಾಲಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಮಗು ಪುಟ್ಟದಾಗಿದ್ದಾಗ ವಿಶೇಷ ಆಸನ ಬೇಕೆಂಬುದು ಎಲ್ಲರಿಗೂ ಸುಲಭವಾಗಿ ಮನವರಿಕೆಯಾಗುತ್ತದೆ. ಆದರೆ ಏಳು, ಎಂಟು ಅಥವಾ ಒಂಬತ್ತು ವರ್ಷದ ಮಗುವಿನ ವಿಷಯದಲ್ಲಿ ಸಂದೇಹ ಉಂಟಾಗುತ್ತದೆ. ಮಗು ದೊಡ್ಡದಾಗಿ ಕಾಣುತ್ತದೆ, ತಾನೇ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತದೆ, ಬೂಸ್ಟರ್ ಆಸನ ಬೇಡವೆಂದು ಹಟ ಹಿಡಿಯುತ್ತದೆ. ಈ ಹಂತದಲ್ಲಿ ಬೂಸ್ಟರ್ ಆಸನವನ್ನು ತೆಗೆದಿಡಬಹುದೇ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

2. ಬೂಸ್ಟರ್ ಆಸನ ಮತ್ತು ಅದರ ಉದ್ದೇಶ

ಬೂಸ್ಟರ್ ಆಸನಕ್ಕೆ ತನ್ನದೇ ಆದ ಪಟ್ಟಿಗಳಿರುವುದಿಲ್ಲ. ಅದು ಮಗುವನ್ನು ಕೆಲವು ಅಂಗುಲ ಎತ್ತರಿಸಿ, ಕಾರಿನ ಸೀಟ್ ಬೆಲ್ಟ್ ಮಗುವಿನ ದೇಹದ ಮೇಲೆ ಸರಿಯಾದ ಜಾಗದಲ್ಲಿ ಹಾದುಹೋಗುವಂತೆ ಮಾಡುತ್ತದೆ. ಅಂದರೆ ಮಗುವನ್ನು ಹಿಡಿದಿಡುವುದು ಬೆಲ್ಟ್. ಆ ಬೆಲ್ಟ್ ಮಗುವಿಗೆ ಹೊಂದುವಂತೆ ಮಾಡುವುದು ಬೂಸ್ಟರ್.

ಇಂದು ಕಾರುಗಳಲ್ಲಿರುವ ಮೂರು ಬಿಂದುಗಳ ಸೀಟ್ ಬೆಲ್ಟ್ ಅನ್ನು ಸ್ವೀಡನ್ ದೇಶದ ವೋಲ್ವೋ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ ಅವರು ರೂಪಿಸಿದರು. 1959ರಲ್ಲಿ ಅದು ಕಾರುಗಳಲ್ಲಿ ಬಳಕೆಗೆ ಬಂದಿತು. ಈ ಬೆಲ್ಟಿನ ವಿನ್ಯಾಸ ವಯಸ್ಕರ ದೇಹಕ್ಕೆ ತಕ್ಕಂತೆ ಇರುತ್ತದೆ. ಅಪಘಾತದ ಆಘಾತವನ್ನು ದೇಹದ ಗಟ್ಟಿಯಾದ ಭಾಗಗಳಾದ ಸೊಂಟದ ಮೂಳೆ, ಎದೆಗೂಡು ಮತ್ತು ಕೊರಳೆಲುಬಿನ ಮೇಲೆ ಹಂಚುವುದೇ ಅದರ ಕಾರ್ಯ.

ಮಗುವಿನ ಸೊಂಟದ ಮೂಳೆಯ ಮುಂಭಾಗದ ಅಂಚು ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಆದ್ದರಿಂದ ಬೆಲ್ಟ್ ಅಲ್ಲಿ ನಿಲ್ಲದೆ ಸುಲಭವಾಗಿ ಜಾರಿ ಹೊಟ್ಟೆಯ ಮೇಲೆ ಬರುತ್ತದೆ. ಆಗ ಕರುಳು, ಯಕೃತ್ತು, ಗುಲ್ಮ ಮುಂತಾದ ಮೃದು ಅಂಗಗಳಿಗೆ ಹಾಗೂ ಬೆನ್ನುಮೂಳೆಗೆ ತೀವ್ರ ಪೆಟ್ಟಾಗುವ ಸಂಭವವಿರುತ್ತದೆ. ವೈದ್ಯರು ಇದನ್ನು ಸೀಟ್ ಬೆಲ್ಟ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಹೊರಗೆ ಹೊಟ್ಟೆಯ ಮೇಲೆ ಬರೀ ಒಂದು ಗೀರು ಕಂಡರೂ ಒಳಗೆ ಗಂಭೀರ ಗಾಯವಾಗಿರಬಹುದು.

ಆಘಾತದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಲಿಸುತ್ತಿರುವ 25 ಕೆ.ಜಿ. ತೂಕದ ಮಗುವಿನ ದೇಹವು ಅರ್ಧ ಮೀಟರ್ ಅಂತರದಲ್ಲಿ ನಿಲ್ಲಬೇಕಾದರೆ, ಬೆಲ್ಟಿನ ಮೇಲೆ ಸರಾಸರಿ ಸುಮಾರು 500 ಕೆ.ಜಿ. ಭಾರಕ್ಕೆ ಸಮನಾದ ಒತ್ತಡ ಬೀಳುತ್ತದೆ. ಈ ಒತ್ತಡ ಮೂಳೆಯ ಮೇಲೆ ಬೀಳುವುದೋ ಹೊಟ್ಟೆಯ ಮೇಲೆ ಬೀಳುವುದೋ ಎಂಬುದನ್ನು ಬೆಲ್ಟ್ ಇರುವ ಜಾಗವೇ ನಿರ್ಧರಿಸುತ್ತದೆ.

ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 4ರಿಂದ 8 ವರ್ಷದ ಮಕ್ಕಳಲ್ಲಿ ಬರೀ ಸೀಟ್ ಬೆಲ್ಟ್ ಧರಿಸಿದವರಿಗಿಂತ ಬೂಸ್ಟರ್ ಆಸನ ಬಳಸಿದವರಿಗೆ ಗಾಯವಾಗುವ ಸಂಭವ ಶೇ. 45ರಷ್ಟು ಕಡಿಮೆಯಿತ್ತು.

3. ಕಾನೂನಿನಲ್ಲಿ ಏನಿದೆ

2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ ಕಲಂ 194ಬಿ ಸೇರ್ಪಡೆಯಾಗಿದ್ದು, ಅದು ದಿನಾಂಕ 1-9-2019ರಿಂದ ಜಾರಿಯಲ್ಲಿದೆ. ಇದರ ಪ್ರಕಾರ 14 ವರ್ಷ ಪೂರ್ಣಗೊಳ್ಳದ ಮಗುವನ್ನು ಸುರಕ್ಷತಾ ಬೆಲ್ಟಿನಿಂದಾಗಲಿ ಮಕ್ಕಳ ಸುರಕ್ಷತಾ ಆಸನ ವ್ಯವಸ್ಥೆಯಿಂದಾಗಲಿ ಭದ್ರಪಡಿಸದೆ ವಾಹನ ಚಲಾಯಿಸುವವರು, ಚಲಾಯಿಸಲು ಬಿಡುವವರು ಒಂದು ಸಾವಿರ ರೂಪಾಯಿ ದಂಡಕ್ಕೆ ಗುರಿಯಾಗುತ್ತಾರೆ.

ಇಲ್ಲಿ ಸಾರ್ವಜನಿಕರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಬೆಲ್ಟ್ ಅಥವಾ ಮಕ್ಕಳ ಆಸನ, ಇವೆರಡರಲ್ಲಿ ಒಂದು ಇದ್ದರೆ ಈ ಕಲಮಿನ ಅಗತ್ಯ ಪೂರೈಸಿದಂತಾಗುತ್ತದೆ. ಬೂಸ್ಟರ್ ಆಸನವನ್ನು ಇಂತಿಷ್ಟು ಎತ್ತರದವರೆಗೆ ಬಳಸತಕ್ಕದ್ದೆಂದು ಈ ಕಲಂ ಹೇಳುವುದಿಲ್ಲ. ಆದ್ದರಿಂದ ಆರು ವರ್ಷದ ಮಗುವಿಗೆ ಬರೀ ಬೆಲ್ಟ್ ಹಾಕಿದವರಿಗೆ ದಂಡ ಬೀಳದಿರಬಹುದು. ಆದರೆ ಮಗು ಸುರಕ್ಷಿತವಾಗಿದೆ ಎಂದು ಅದರಿಂದ ಅರ್ಥವಾಗುವುದಿಲ್ಲ. ಕಾನೂನು ಕನಿಷ್ಠ ಮಿತಿಯನ್ನು ಮಾತ್ರ ಗೊತ್ತುಪಡಿಸಿದೆ. ಬೆಲ್ಟ್ ಮಗುವಿಗೆ ಹೊಂದುತ್ತದೆಯೇ ಎಂಬುದನ್ನು ನೋಡುವ ಹೊಣೆ ಪೋಷಕರದ್ದಾಗಿರುತ್ತದೆ.

ಇತರ ದೇಶಗಳಲ್ಲಿ ಎತ್ತರದ ಮಿತಿಯನ್ನು ಕಾನೂನಿನಲ್ಲಿಯೇ ನಮೂದಿಸಿರುವುದುಂಟು. ಬ್ರಿಟನ್ನಿನಲ್ಲಿ 12 ವರ್ಷ ವಯಸ್ಸು ಅಥವಾ 135 ಸೆಂ.ಮೀ. ಎತ್ತರ, ಜರ್ಮನಿಯಲ್ಲಿ 12 ವರ್ಷ ವಯಸ್ಸು ಅಥವಾ 150 ಸೆಂ.ಮೀ. ಎತ್ತರ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಆಸನ ಕಡ್ಡಾಯವಾಗಿದೆ.

4. ವಯಸ್ಸು ಒಂದೇ ಆಧಾರವಾಗದು

ಬೆಲ್ಟ್ ಹೊಂದುವುದು ದೇಹದ ಅಳತೆಗೆ; ಹುಟ್ಟಿದ ದಿನಾಂಕಕ್ಕಲ್ಲ. ಒಂದೇ ತರಗತಿಯಲ್ಲಿ ಓದುವ ಮಕ್ಕಳ ಎತ್ತರದಲ್ಲಿ ಒಂದು ಗೇಣಿನಷ್ಟು ವ್ಯತ್ಯಾಸವಿರುವುದು ಸಾಮಾನ್ಯ. ಕಾರಿನ ಬೆಲ್ಟ್ ಮಗುವಿಗೆ ಸರಿಹೊಂದಲು ಸಾಮಾನ್ಯವಾಗಿ ಸುಮಾರು 145 ಸೆಂ.ಮೀ., ಅಂದರೆ 4 ಅಡಿ 9 ಅಂಗುಲ ಎತ್ತರ ಅವಶ್ಯವಿರುತ್ತದೆ. ಈ ಎತ್ತರವನ್ನು ಮಕ್ಕಳು ಹೆಚ್ಚಾಗಿ 8ರಿಂದ 12 ವರ್ಷದ ನಡುವೆ ತಲುಪುತ್ತಾರೆ. ಕೆಲವರು ಇನ್ನೂ ತಡವಾಗಿ ತಲುಪಬಹುದು. ಹೀಗಾಗಿ ಹನ್ನೊಂದು ವರ್ಷದ ಮಗುವಿಗೆ ಬೂಸ್ಟರ್ ಬೇಕಾಗಿದ್ದರೆ ಅದರಲ್ಲಿ ಅಸಹಜವಾದದ್ದು ಏನೂ ಇಲ್ಲ.

ತೂಕವೂ ಸ್ವತಂತ್ರ ಆಧಾರವಲ್ಲ. ಮೈತುಂಬಿಕೊಂಡಿರುವ ಮಗು ಎತ್ತರದಲ್ಲಿ ಕಡಿಮೆಯಿದ್ದರೆ ಅದಕ್ಕೆ ಬೂಸ್ಟರ್ ಅಗತ್ಯವಿದ್ದೇ ಇರುತ್ತದೆ.

5. ಐದು ಅಂಶಗಳ ಪರಿಶೀಲನೆ

ವಾಹನವನ್ನು ನಿಲ್ಲಿಸಿ, ಬೂಸ್ಟರ್ ತೆಗೆದು, ಮಗುವನ್ನು ಹಿಂದಿನ ಆಸನದಲ್ಲಿ ಕುಳ್ಳಿರಿಸಿ, ಬೆಲ್ಟ್ ಹಾಕಿ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಬೇಕು.

ಅ) ಬೆನ್ನು: ಮಗುವಿನ ಬೆನ್ನು ಮತ್ತು ಸೊಂಟ ಆಸನದ ಹಿಂಭಾಗಕ್ಕೆ ಪೂರ್ತಿಯಾಗಿ ತಾಗಿರಬೇಕು.

ಆ) ಮೊಣಕಾಲು: ಹಾಗೆ ಕುಳಿತಾಗ ಮೊಣಕಾಲುಗಳು ಆಸನದ ಅಂಚಿನಲ್ಲಿ ಸಹಜವಾಗಿ ಮಡಿಚಿ, ಪಾದಗಳು ನೆಲಕ್ಕೆ ತಾಗಿರಬೇಕು. ಮೊಣಕಾಲು ಆಸನದ ಮೇಲೆಯೇ ಉಳಿದರೆ ಕಾಲು ಚಾಚಿಕೊಂಡಿರುವುದು ಕಷ್ಟವಾಗುತ್ತದೆ. ಆಗ ಮಗು ಸೊಂಟವನ್ನು ಮುಂದಕ್ಕೆ ಜಾರಿಸಿಕೊಳ್ಳುತ್ತದೆ. ಸೊಂಟ ಜಾರಿದೊಡನೆ ಬೆಲ್ಟ್ ಹೊಟ್ಟೆಯ ಮೇಲೆ ಏರುತ್ತದೆ.

ಇ) ಸೊಂಟದ ಪಟ್ಟಿ: ಪಟ್ಟಿಯು ಹೊಟ್ಟೆಯ ಕೆಳಗೆ, ತೊಡೆಗಳ ಮೇಲ್ಭಾಗಕ್ಕೆ ತಾಗುವಂತೆ, ಸೊಂಟದ ಮೂಳೆಯ ಮೇಲೆ ಇರಬೇಕು. ಹೊಕ್ಕುಳ ಹತ್ತಿರ ಇರಕೂಡದು.

ಈ) ಭುಜದ ಪಟ್ಟಿ: ಪಟ್ಟಿಯು ಕುತ್ತಿಗೆ ಮತ್ತು ಭುಜದ ತುದಿಯ ನಡುವೆ ಹಾದು ಎದೆಯ ಮಧ್ಯದಲ್ಲಿ ಇಳಿಯಬೇಕು. ಕುತ್ತಿಗೆಗೆ ಅಥವಾ ಮುಖಕ್ಕೆ ಉಜ್ಜಿದರೆ ಮಗು ಅದನ್ನು ಕಂಕುಳ ಕೆಳಗೋ ಬೆನ್ನ ಹಿಂದೆಯೋ ಸರಿಸಿಕೊಳ್ಳುತ್ತದೆ. ಹಾಗೆ ಮಾಡಿದಲ್ಲಿ ಮೇಲ್ಭಾಗದ ದೇಹಕ್ಕೆ ಬೆಲ್ಟಿನ ರಕ್ಷಣೆ ದೊರೆಯದು.

ಉ) ಪ್ರಯಾಣದುದ್ದಕ್ಕೂ: ಮಗು ಜೋತು ಬೀಳದೆ, ಪಕ್ಕಕ್ಕೆ ವಾಲದೆ, ಇಡೀ ಪ್ರಯಾಣದಲ್ಲಿ ಇದೇ ಭಂಗಿಯಲ್ಲಿ ಕುಳಿತಿರಬಲ್ಲದೇ ಎಂಬುದನ್ನು ನೋಡಬೇಕು. ನಿಂತ ವಾಹನದಲ್ಲಿ ಎರಡು ನಿಮಿಷ ನೆಟ್ಟಗೆ ಕುಳಿತ ಮಗು, ಊರಿಗೆ ಹೋಗುವ ನಾಲ್ಕು ಗಂಟೆಯ ಹಾದಿಯಲ್ಲಿ ನಿದ್ದೆ ಬಂದಾಗ ಹೇಗಿರುತ್ತದೆ ಎಂಬುದು ಮುಖ್ಯ.

ಮೇಲ್ಕಂಡ ಐದೂ ಅಂಶಗಳು ಪೂರೈಸಿದಲ್ಲಿ ಮಾತ್ರ ಆ ಆಸನದಲ್ಲಿ ಬೂಸ್ಟರ್ ಬಳಕೆಯನ್ನು ನಿಲ್ಲಿಸಬಹುದು. ಒಂದು ಅಂಶ ಪೂರೈಸದಿದ್ದರೂ ಬಳಕೆಯನ್ನು ಮುಂದುವರಿಸಿ, ಕೆಲವು ತಿಂಗಳ ನಂತರ ಮತ್ತೊಮ್ಮೆ ಪರಿಶೀಲಿಸುವುದು ಸೂಕ್ತ. ಪ್ರತಿ ವರ್ಷ ಶಾಲೆ ಆರಂಭವಾಗುವ ಸಮಯದಲ್ಲಿ ಹೊಸ ಸಮವಸ್ತ್ರಕ್ಕೆ ಅಳತೆ ಕೊಡುವಾಗ ಇದನ್ನೂ ಮಾಡಿದರೆ ಮರೆಯುವ ಪ್ರಶ್ನೆ ಇರುವುದಿಲ್ಲ.

6. ಪ್ರತಿ ವಾಹನಕ್ಕೆ ಪ್ರತ್ಯೇಕ ಪರಿಶೀಲನೆ

ಆಸನದ ಆಳ, ಇಳಿಜಾರು ಮತ್ತು ಬೆಲ್ಟ್ ಹೊರಬರುವ ಸ್ಥಾನ ಒಂದೊಂದು ವಾಹನದಲ್ಲಿ ಒಂದೊಂದು ರೀತಿ ಇರುತ್ತವೆ. ತಂದೆಯ ಚಿಕ್ಕ ಕಾರಿನಲ್ಲಿ ಐದೂ ಅಂಶಗಳಲ್ಲಿ ಉತ್ತೀರ್ಣವಾದ ಮಗುವಿಗೆ ಅಜ್ಜನ ದೊಡ್ಡ ಕಾರಿನಲ್ಲಿ ಬೂಸ್ಟರ್ ಬೇಕಾಗಬಹುದು. ಒಂದೇ ಕಾರಿನ ಬದಿಯ ಆಸನಕ್ಕೂ ನಡುವಿನ ಆಸನಕ್ಕೂ ವ್ಯತ್ಯಾಸವಿರಬಹುದು. ಆದ್ದರಿಂದ ಮಗು ವಾಡಿಕೆಯಾಗಿ ಪ್ರಯಾಣಿಸುವ ಎಲ್ಲ ವಾಹನಗಳಲ್ಲಿಯೂ ಪರಿಶೀಲನೆ ನಡೆಸುವುದು ಅವಶ್ಯ.

ಹಳೆಯ ಕೆಲವು ಕಾರುಗಳಲ್ಲಿ ಹಿಂದಿನ ನಡುವಿನ ಆಸನಕ್ಕೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ. ಅಂತಹ ಜಾಗದಲ್ಲಿ ಬೂಸ್ಟರ್ ಬಳಸಬಾರದು. ಅದಕ್ಕೆ ಭುಜದ ಪಟ್ಟಿಯೂ ಇರುವ ಬೆಲ್ಟ್ ಬೇಕು.

7. ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು

• ಬೂಸ್ಟರ್ ಬದಲಿಗೆ ದಿಂಬು ಅಥವಾ ಮಡಿಸಿದ ಕಂಬಳಿ ಇಡುವುದು. ಆಘಾತದ ವೇಳೆ ಇವು ಕುಗ್ಗಿ ಜಾರುವುದರಿಂದ ಮಗು ಬೆಲ್ಟಿನ ಕೆಳಗೆ ನುಸುಳುತ್ತದೆ.

• ಇಬ್ಬರು ಮಕ್ಕಳಿಗೆ ಒಂದೇ ಬೆಲ್ಟ್ ಹಾಕುವುದು, ಅಥವಾ ಮಗುವನ್ನು ಮಡಿಲಲ್ಲಿ ಕುಳ್ಳಿರಿಸಿಕೊಂಡು ಇಬ್ಬರಿಗೂ ಸೇರಿಸಿ ಬೆಲ್ಟ್ ಹಾಕಿಕೊಳ್ಳುವುದು. ಎರಡನೆಯ ಸಂದರ್ಭದಲ್ಲಿ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

• ತಮ್ಮ ಅಥವಾ ತಂಗಿಗೆ ಆಸನ ಬೇಕಾಯಿತೆಂಬ ಕಾರಣಕ್ಕೆ ದೊಡ್ಡ ಮಗುವಿನ ಬೂಸ್ಟರ್ ಅನ್ನು ಅವಧಿಗೆ ಮುನ್ನ ತೆಗೆಯುವುದು.

• ಖಾಲಿ ಬೂಸ್ಟರ್ ಅನ್ನು ಹಾಗೆಯೇ ಬಿಡುವುದು. ಹಠಾತ್ ಬ್ರೇಕ್ ಹಾಕಿದಾಗ ಅದು ಹಾರಿ ಇತರರಿಗೆ ಪೆಟ್ಟಾಗಬಹುದು. ಖಾಲಿ ಇದ್ದಾಗಲೂ ಬೆಲ್ಟ್ ಹಾಕಿಡಬೇಕು ಅಥವಾ ಡಿಕ್ಕಿಯಲ್ಲಿಡಬೇಕು.

8. ಬಳಕೆ ನಿಲ್ಲಿಸಿದ ನಂತರ

ಬೂಸ್ಟರ್ ಬಿಟ್ಟ ಮಗು ಮುಂದಿನ ಆಸನಕ್ಕೆ ಅರ್ಹವಾಯಿತೆಂದು ಭಾವಿಸಬಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 13 ವರ್ಷ ತುಂಬುವವರೆಗೆ ಹಿಂದಿನ ಆಸನವನ್ನೇ ಶಿಫಾರಸು ಮಾಡಿದೆ. ಮುಂದಿನ ಆಸನದ ಏರ್‌ಬ್ಯಾಗ್ ವಯಸ್ಕರ ದೇಹವನ್ನು ಗಮನದಲ್ಲಿಟ್ಟು ರೂಪಿಸಿದ್ದಾಗಿದ್ದು, ಅದು ಹಿಗ್ಗುವ ರಭಸ ಚಿಕ್ಕ ದೇಹಕ್ಕೆ ಅಪಾಯಕಾರಿಯಾಗಬಹುದು.

9. ಪ್ರಶ್ನೋತ್ತರ

ಪ್ರಶ್ನೆ: ಮಗುವಿನ ಎತ್ತರ 145 ಸೆಂ.ಮೀ. ತಲುಪಿದೆ. ಪರಿಶೀಲನೆ ಬೇಕೇ?
ಉತ್ತರ: ಬೇಕು. ಎತ್ತರ ಒಂದು ಸೂಚನೆ ಮಾತ್ರ. ಬೆಲ್ಟ್ ಹೊಂದಿರುವುದೇ ಅಂತಿಮ ಆಧಾರ.

ಪ್ರಶ್ನೆ: ಮಗುವಿನ ತೂಕ ಬೂಸ್ಟರಿನ ಮಿತಿಯನ್ನು ಮೀರಿದೆ, ಆದರೆ ಬೆಲ್ಟ್ ಇನ್ನೂ ಹೊಂದುತ್ತಿಲ್ಲ. ಏನು ಮಾಡಬೇಕು?
ಉತ್ತರ: ತೂಕದ ವರ್ಗಗಳ ಆಧಾರದ ಮೇಲೆ ಅನುಮೋದನೆಯಾದ ಬೂಸ್ಟರ್‌ಗಳ ಗರಿಷ್ಠ ಮಿತಿ 36 ಕೆ.ಜಿ. ಆಗಿರುತ್ತದೆ. ವಿಶ್ವಸಂಸ್ಥೆಯ 129ನೇ ನಿಯಮಾವಳಿಯಂತೆ ಅನುಮೋದನೆಯಾದ ಆಸನಗಳನ್ನು ಎತ್ತರದ ಆಧಾರದ ಮೇಲೆ ವರ್ಗೀಕರಿಸಲಾಗಿದ್ದು, 150 ಸೆಂ.ಮೀ.ವರೆಗೆ ಬಳಸಬಹುದಾದ ಮಾದರಿಗಳಿವೆ. ಆಸನಕ್ಕೆ ಅಂಟಿಸಿರುವ ಚೀಟಿಯಲ್ಲಿ ಈ ವಿವರವನ್ನು ನೋಡಿ ಖರೀದಿಸಬೇಕು.

ಪ್ರಶ್ನೆ: ಮಗು ಒಪ್ಪುತ್ತಿಲ್ಲ. ಸ್ನೇಹಿತರು ನಗುತ್ತಾರೆ ಎನ್ನುತ್ತದೆ.
ಉತ್ತರ: ಬೆನ್ನಾಸರೆ ಇಲ್ಲದ ಬೂಸ್ಟರ್ ಹೊರಗಿನವರ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಸುಮಾರು 125 ಸೆಂ.ಮೀ. ದಾಟಿದ ಮಕ್ಕಳಿಗೆ ಅದನ್ನು ಪರಿಗಣಿಸಬಹುದು. ಐದು ಅಂಶಗಳ ಪರಿಶೀಲನೆಯನ್ನು ಮಗುವಿನ ಕೈಯಿಂದಲೇ ಮಾಡಿಸಿದರೆ, ಬೆಲ್ಟ್ ತನಗೆ ಎಲ್ಲಿ ತಾಗುತ್ತಿದೆ ಎಂಬುದು ಅದಕ್ಕೇ ತಿಳಿಯುತ್ತದೆ, ಒಪ್ಪಿಸುವುದು ಸುಲಭವಾಗುತ್ತದೆ.

ಪ್ರಶ್ನೆ: ಬಾಡಿಗೆ ಕಾರಿನಲ್ಲಿ ಬೂಸ್ಟರ್ ಇರುವುದಿಲ್ಲ. ಆಗ ಏನು ಮಾಡಬೇಕು?
ಉತ್ತರ: ಬೆನ್ನಾಸರೆ ಇಲ್ಲದ ಬೂಸ್ಟರ್ ಹಗುರವಾಗಿದ್ದು ಜೊತೆಯಲ್ಲಿ ಒಯ್ಯಬಹುದು. ಅದು ಸಾಧ್ಯವಾಗದಿದ್ದಲ್ಲಿ ಹಿಂದಿನ ಆಸನದಲ್ಲಿ ಮೂರು ಬಿಂದುಗಳ ಬೆಲ್ಟ್ ಹಾಕಿ, ಸೊಂಟದ ಪಟ್ಟಿಯನ್ನು ತೊಡೆಯವರೆಗೆ ಇಳಿಸಿ ಬಿಗಿಗೊಳಿಸಬೇಕು. ಬೆಲ್ಟ್ ಇಲ್ಲದೆ ಕರೆದೊಯ್ಯುವುದಕ್ಕಿಂತ ಇದು ಮೇಲು.

ಪ್ರಶ್ನೆ: ಅಪಘಾತಕ್ಕೊಳಗಾದ ವಾಹನದಲ್ಲಿದ್ದ ಬೂಸ್ಟರ್ ಅನ್ನು ಮತ್ತೆ ಬಳಸಬಹುದೇ?
ಉತ್ತರ: ಗಂಭೀರ ಅಪಘಾತವಾಗಿದ್ದಲ್ಲಿ ಬಳಸಬಾರದು. ಹೊರಗೆ ಕಾಣದ ಬಿರುಕುಗಳು ಉಂಟಾಗಿರಬಹುದು. ಇದೇ ಕಾರಣಕ್ಕೆ ಹಿಂದಿನ ಬಳಕೆಯ ವಿವರ ಗೊತ್ತಿಲ್ಲದ ಹಳೆಯ ಆಸನಗಳನ್ನು ಕೊಳ್ಳದಿರುವುದು ಉತ್ತಮ.

ಪ್ರಶ್ನೆ: ದ್ವಿಚಕ್ರ ವಾಹನಕ್ಕೆ ಈ ಮಾಹಿತಿ ಅನ್ವಯಿಸುತ್ತದೆಯೇ?
ಉತ್ತರ: ಇಲ್ಲ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಪಟ್ಟಿ, ಹೆಲ್ಮೆಟ್ ಮತ್ತು ಗಂಟೆಗೆ 40 ಕಿ.ಮೀ. ವೇಗದ ಮಿತಿಯನ್ನು ವಿಧಿಸುವ ಪ್ರತ್ಯೇಕ ನಿಯಮವು ದಿನಾಂಕ 15-2-2023ರಿಂದ ಜಾರಿಯಲ್ಲಿದೆ.

10. ಸೂಚನೆ

ಸಂದೇಹ ಉಂಟಾದಲ್ಲಿ ಬೂಸ್ಟರ್ ಬಳಕೆಯನ್ನು ಮುಂದುವರಿಸುವುದೇ ಸರಿಯಾದ ಕ್ರಮ. ಆರು ತಿಂಗಳು ಹೆಚ್ಚಾಗಿ ಬಳಸಿದ್ದರಿಂದ ಮಗುವಿಗೆ ಯಾವ ತೊಂದರೆಯೂ ಆಗುವುದಿಲ್ಲ. ಆರು ತಿಂಗಳು ಮೊದಲೇ ಬಿಟ್ಟಿದ್ದರಿಂದ ಆಗುವ ಹಾನಿಯನ್ನು ಸರಿಪಡಿಸಲು ಸಾಧ್ಯವಾಗದೇ ಹೋಗಬಹುದು.

ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ಆಸನದ ಅಳವಡಿಕೆಗೆ ಸಂಬಂಧಿಸಿದಂತೆ ವಾಹನ ಹಾಗೂ ಆಸನ ತಯಾರಕರ ಕೈಪಿಡಿಯಲ್ಲಿರುವ ಸೂಚನೆಗಳನ್ನು ಪಾಲಿಸತಕ್ಕದ್ದು. ಕಾನೂನಿನ ವಿಷಯದಲ್ಲಿ ಅಧಿನಿಯಮ ಹಾಗೂ ನಿಯಮಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.