ಕೊಳವೆಯೊಳಗಿನ ಮದ್ದು

ಹೈದರಾಲಿ 1763ರಲ್ಲಿ ಗೆದ್ದ ಬಿದನೂರು, ಇಂದಿನ ನಗರ. ಅಲ್ಲಿನ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಸಿಕ್ಕವು. ಮೈಸೂರು ರಾಕೆಟ್ ಎಂದೊಡನೆ ನಾವು ಕಬ್ಬಿಣದ ಕೊಳವೆಯನ್ನು ಹೊಗಳುತ್ತೇವೆ. ನನ್ನ ಕುತೂಹಲವೆಲ್ಲ ಮದ್ದಿನದು.

ಪೆಟ್ಲುಪ್ಪು, ಗಂಧಕ, ಇದ್ದಿಲು ಅಷ್ಟೇ. ಆದರೆ ಇದ್ದಿಲು ಯಾವ ಮರದ್ದು, ಎಷ್ಟು ನುಣ್ಣಗೆ ಅರೆದರು ಎಂಬುದರ ಮೇಲೆ ಉರಿಯುವ ವೇಗವೇ ಬೇರೆಯಾಗುತ್ತದೆ. ಪೆಟ್ಲುಪ್ಪು ಸರಿಯಾಗಿ ಶುದ್ಧವಾಗದಿದ್ದರೆ ಮದ್ದು ತೇವ ಹೀರುತ್ತದೆ. ಮಲೆನಾಡಿನ ಮಳೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಳವೆಯ ಅಳತೆ ಒಂದೇ ಇದ್ದರೂ, ಬೇರೆ ಬೇರೆ ದಿನ ಅರೆದ ಮದ್ದು ತುಂಬಿದರೆ ಒಂದು ಗುರಿ ಮುಟ್ಟೀತು, ಇನ್ನೊಂದು ನಡುದಾರಿಯಲ್ಲೇ ಬಿದ್ದೀತು. ರಾಕೆಟ್‌ಗಳನ್ನು ಗುಂಪುಗುಂಪಾಗಿ ಹಾರಿಸುತ್ತಿದ್ದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ನೀರು ಸೋಕಿದರೆ ಪೆಟ್ಲುಪ್ಪು ಕರಗುತ್ತದೆ, ಇದ್ದಿಲು ಕರಗದು. ಹತ್ತಾರು ಕೊಳವೆಗಳ ಇದ್ದಿಲನ್ನು ಹೋಲಿಸಿದರೆ ಒಂದೇ ಕಾರ್ಖಾನೆಯ ಹದವೋ ಹಲವು ಕೈಗಳದ್ದೋ ತಿಳಿಯಬಹುದು. ತೊಳೆದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಕೊಳವೆಯಿಂದ ಮಾತ್ರ ಅದು ಸಾಧ್ಯವಿಲ್ಲ.