ರಾಜದೂತ್ 350: ಎರಡು ರೂಪಗಳು ಮತ್ತು ನನ್ನದೊಂದು ತಪ್ಪು

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ, "ಸರ್, ಐವಾನ್-ಎ-ಶಾಹಿ ಮುಂದಿನ ಆ ಸದ್ದು ನೆನಪಿದೆಯೇ?" ಎಂದು ಕೇಳಿದರು. ನೆನಪಿಲ್ಲದೆ ಉಂಟೇ? ನಮ್ಮ ಕಲಬುರಗಿ ಇನ್ನೂ ಗುಲ್ಬರ್ಗಾ ಎನಿಸಿಕೊಂಡಿದ್ದ ಕಾಲವದು. ನಿಜಾಮರ ಕಾಲದ ಆ ಅತಿಥಿಗೃಹದ ಮುಂದೆ ಸಂಜೆ ಹೊತ್ತು ರಾಜದೂತ್ 350 ಹಾದುಹೋದರೆ ದಾರಿಹೋಕರೆಲ್ಲ ತಿರುಗಿ ನೋಡುತ್ತಿದ್ದರು.

ಇದು ಜಪಾನಿನ ಯಮಾಹಾ ಆರ್‌ಡಿ 350ರ ಭಾರತೀಯ ಅವತಾರ. 347 ಸಿಸಿ, ಎರಡು ಸಿಲಿಂಡರ್, ಆರು ಗೇರು. 1970ರ ದಶಕದ ಮೂಲ ವಾಹನದ ಶಕ್ತಿ 39 ಅಶ್ವಶಕ್ತಿ. ಎಸ್ಕಾರ್ಟ್ಸ್ ಸಂಸ್ಥೆ 1983ರಲ್ಲಿ ಇದನ್ನು ಇಲ್ಲಿ ತಯಾರಿಸತೊಡಗಿದಾಗ ಅದು 30.5ಕ್ಕೆ ಇಳಿಯಿತು; ಇದೇ 'ಹೈ ಟಾರ್ಕ್'. ಪೆಟ್ರೋಲು ಉಳಿಸಲೆಂದು ಅನಂತರ ಬಂದ 'ಲೋ ಟಾರ್ಕ್' ರೂಪದಲ್ಲಿ 27. ಆದರೂ ಆಗ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್‌ನ ಶಕ್ತಿ ಸುಮಾರು 16 ಮಾತ್ರ ಎಂಬುದನ್ನು ಮರೆಯಬಾರದು.

1986ರಲ್ಲಿ ಒಬ್ಬ ಶಿಷ್ಯನ ತಾಯಿ ಮನೆಗೆ ಬಂದು, "ಮಾಸ್ತರ್ರ, ಗಾಡಿ ಬೇಕಂತ ಹಟ ಹಿಡ್ದಾನ, ನೀವಾರ ಒಂದ್ ಮಾತ್ ಹೇಳ್ರಿ" ಎಂದು ಅಲವತ್ತುಕೊಂಡರು. ನಾನು ಬಲು ಗಂಭೀರವಾಗಿ, "ಲೋ ಟಾರ್ಕ್ ತಗೊಳ್ಳಲಿ, ಅದರಿಂದ ಅಪಾಯವಿಲ್ಲ" ಎಂದೆ. ಆ ತಾಯಿ ನಿಶ್ಚಿಂತೆಯಿಂದ ಹೋದರು. ಹುಡುಗ ಭಾನುವಾರಗಳಂದು ಕಮಲಾಪುರಕ್ಕೆ ಹೋಗಿ, ಅಲ್ಲಿಯ ಕೆಂಪು ಬಾಳೆಹಣ್ಣು ತಂದುಕೊಡುತ್ತಿದ್ದ.

ನಿವೃತ್ತನಾದ ಮೇಲೆ ಎರಡೂ ರೂಪಗಳ ವಿವರಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನ್ನ ಅಜ್ಞಾನ ತಿಳಿಯಿತು. ಯಮಾಹಾದ ಮೂಲ ವಾಹನದ ಮುಂಗಾಲಿಗೆ ಡಿಸ್ಕ್ ಬ್ರೇಕ್ ಇತ್ತು. ನಮ್ಮ ಎರಡೂ ರೂಪಗಳಿಗೆ ದೊರೆತದ್ದು ಡ್ರಮ್ ಬ್ರೇಕ್. ಡಿಸ್ಕ್ ಗಾಳಿಗೆ ತೆರೆದುಕೊಂಡು ಬೇಗ ತಣಿಯುತ್ತದೆ. ಡ್ರಮ್ಮಿನೊಳಗೆ ಶಾಖ ಉಳಿಯುತ್ತದೆ, ಪದೇ ಪದೇ ಒತ್ತಿದರೆ ಹಿಡಿತ ಸಡಿಲವಾಗುತ್ತದೆ. ಹೈ ಮತ್ತು ಲೋ ನಡುವಿನ ಅಂತರ ಕೇವಲ ಮೂರೂವರೆ ಅಶ್ವಶಕ್ತಿ. ಎರಡೂ ಗಂಟೆಗೆ ನೂರು ಕಿಲೋಮೀಟರನ್ನು ಸಲೀಸಾಗಿ ದಾಟುತ್ತಿದ್ದವು. ವೇಗ ಇಮ್ಮಡಿಯಾದರೆ ಬ್ರೇಕು ತಡೆಯಬೇಕಾದ ಚಲನಶಕ್ತಿ ನಾಲ್ಮಡಿಯಾಗುತ್ತದೆಂದು ತರಗತಿಯಲ್ಲಿ ವರ್ಷವರ್ಷವೂ ಬೋಧಿಸಿದವನು ನಾನೇ! ಎಷ್ಟು ಓಡುತ್ತದೆ ಎಂದು ಕೇಳಿದೆನೇ ಹೊರತು ಹೇಗೆ ನಿಲ್ಲುತ್ತದೆ ಎಂದು ಕೇಳಲಿಲ್ಲ.

ಎರಡರಲ್ಲಿ ಯಾವುದು ಮೇಲು ಎಂದು ಇಂದಿಗೂ ವಾದಿಸುವವರಿದ್ದಾರೆ. ಓಟದ ಹುರುಪಿಗೆ ಹೈ ಟಾರ್ಕ್, ಪೆಟ್ರೋಲಿನ ಖರ್ಚಿಗೆ ಲೋ ಟಾರ್ಕ್; ಇಷ್ಟು ನಿಜ. ಸುರಕ್ಷತೆಯ ಲೆಕ್ಕದಲ್ಲಿ ಮಾತ್ರ ಅವು ಒಡಹುಟ್ಟಿದವು. ಶಕ್ತಿ ತಗ್ಗಿದ್ದು ಜೇಬಿನ ಹಿತಕ್ಕೆ, ಜೀವದ ಹಿತಕ್ಕಲ್ಲ.

ಆ ಶಿಷ್ಯನಿಗೆ ಏನೂ ಆಗಲಿಲ್ಲ. ಅದು ನನ್ನ ಸಲಹೆಯ ಫಲವಲ್ಲ, ಅವನ ಜಾಣ್ಮೆಯ ಫಲ. ಈಗ ಅವನ ಮಗನೂ ಗಾಡಿ ಕೇಳುತ್ತಿದ್ದಾನಂತೆ. ಮಗೂ, ಈ ಸಲ ನನ್ನನ್ನು ಕೇಳುವುದಾದರೆ ಮೊದಲು ಬ್ರೇಕಿನ ಮಾತಾಡೋಣ.